ಕೋಡ್‌ನಲ್ಲಿ ಇದೆ, ಚಿತ್ರದಲ್ಲಿ ಇಲ್ಲ: ಕ್ಲಾಸ್ ಡಯಾಗ್ರಾಂ ಕೈಕೊಟ್ಟಾಗ

ಹಾಲಿನ ಡೈರಿಯ ಲೆಕ್ಕಕ್ಕೆ ಬರೆದ ಒಂದು ಪೈಥಾನ್ ಪ್ರೋಗ್ರಾಂ ನನ್ನ ಹತ್ತಿರ ಇದೆ. ದೊಡ್ಡದೇನಲ್ಲ. ಸದಸ್ಯ, ಹಾಲಿನ ನಮೂದು, ದರಪಟ್ಟಿ, ಬಿಲ್ ಅಂತ ನಾಲ್ಕು ಮುಖ್ಯ ಕ್ಲಾಸ್‌ಗಳು, ಜೊತೆಗೆ ಹತ್ತಿಪ್ಪತ್ತು ಚಿಲ್ಲರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎಷ್ಟು ಅಂತ ನೋಡಿ ಲೀಟರಿಗೆ ಬೆಲೆ ಹೇಳುವುದು ದರಪಟ್ಟಿಯ ಕೆಲಸ. ಅದಿಲ್ಲದೆ ಬಿಲ್ ಆಗುವುದೇ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಬೇಗ ಅರ್ಥವಾಗಲಿ ಅಂತ ಕೋಡ್‌ನಿಂದಲೇ ಕ್ಲಾಸ್ ಡಯಾಗ್ರಾಂ ತೆಗೆದು ಕೊಟ್ಟೆ. ಒಂದೊಂದು ಕ್ಲಾಸಿಗೆ ಒಂದು ಡಬ್ಬಿ, ಯಾವುದಕ್ಕೆ ಯಾವುದು ಸಂಬಂಧ ಅಂತ ತೋರಿಸಲು ಬಾಣ, ಇಷ್ಟೇ ಆ ಚಿತ್ರ. ಅರ್ಧ ಗಂಟೆ ಬಿಟ್ಟು ಬಂದು ಕೇಳಿದ: "ಸರ್, ಈ ದರಪಟ್ಟಿ ಕ್ಲಾಸನ್ನ ಯಾರೂ ಬಳಸ್ತಿಲ್ಲ. ತೆಗೆದುಬಿಡ್ಲಾ?"

ಚಿತ್ರ ನೋಡಿದರೆ ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ದರಪಟ್ಟಿಯ ಡಬ್ಬಿ ಮೂಲೆಯಲ್ಲಿ ಒಂಟಿಯಾಗಿ ಕೂತಿತ್ತು. ಬಿಲ್‌ನಿಂದ ಅದಕ್ಕೆ ಒಂದು ಬಾಣವೂ ಇರಲಿಲ್ಲ.

ಕೋಡ್‌ನಿಂದ ಚಿತ್ರ, ಚಿತ್ರದಿಂದ ಕೋಡ್ ಮಾಡುವಾಗ ಬರುವ ಇಂಥ ದೋಷಗಳನ್ನು ಹೇಗೆ ಹಿಡಿಯುವುದು ಅಂತ ಇಲ್ಲಿ ಬರೆದಿದ್ದೇನೆ. ನಾನು ಜಾಸ್ತಿ ಬಳಸುವುದು ಪೈರಿವರ್ಸ್ ಮತ್ತು ಪ್ಲಾಂಟ್‌ಯುಎಂಎಲ್. ಮೊದಲನೆಯದು ಪೈಥಾನ್ ಕೋಡ್ ಓದಿ ಕ್ಲಾಸ್ ಡಯಾಗ್ರಾಂ ತಯಾರಿಸುತ್ತದೆ, ಎರಡನೆಯದು ಪಠ್ಯವಾಗಿ ಬರೆದದ್ದನ್ನು ಚಿತ್ರ ಮಾಡುತ್ತದೆ. ಆದ್ದರಿಂದ ಉದಾಹರಣೆಗಳು ಹೆಚ್ಚಾಗಿ ಅಲ್ಲಿಂದಲೇ ಬಂದಿವೆ. ಆಯ್ಕೆಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲು ಚಿತ್ರ ಮುಚ್ಚಿ

ಬಾಣ ಕಾಣಿಸಲಿಲ್ಲ ಅಂದ ತಕ್ಷಣ ನಾವೆಲ್ಲ ಮಾಡುವುದು ಏನು? ಚಿತ್ರವನ್ನು ಝೂಮ್ ಮಾಡಿ ಮಾಡಿ ನೋಡುತ್ತೇವೆ. ಸುಮ್ನೆ ಟೈಮ್ ವೇಸ್ಟ್. ಚಿತ್ರ ಅನ್ನುವುದು ಕೊನೆಯ ಹಂತ. ಅದಕ್ಕೂ ಮೊದಲು ಮೂರು ಕೆಲಸ ನಡೆದಿರುತ್ತವೆ. ಟೂಲ್ ಕೋಡನ್ನು ಓದುತ್ತದೆ. ಯಾವ ಕ್ಲಾಸಿಗೆ ಯಾವುದು ಸಂಬಂಧ ಅಂತ ತನ್ನೊಳಗೆ ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ಒಂದು ಪಠ್ಯವಾಗಿ ಬರೆಯುತ್ತದೆ. ಆಮೇಲೆ ಬೇರೆ ಇನ್ನೊಂದು ಪ್ರೋಗ್ರಾಂ ಬಂದು, ಆ ಪಠ್ಯ ಓದಿ ಡಬ್ಬಿಗಳನ್ನು ಜೋಡಿಸಿ ಬಣ್ಣ ಬಳಿಯುತ್ತದೆ.

ಬಾಣ ಎಲ್ಲಿ ಬಿದ್ದುಹೋಯಿತು ಅಂತ ತಿಳಿಯಬೇಕಾದರೆ ದಾರಿಯ ಮಧ್ಯದಲ್ಲಿ ನಿಂತು ನೋಡಬೇಕು. ಆ ಮಧ್ಯದ ಜಾಗವೇ ಪಠ್ಯದ ಫೈಲ್. ಪೈರಿವರ್ಸ್‌ಗೆ ಪಿಎನ್‌ಜಿ ಬದಲು ಡಾಟ್ (ಗ್ರಾಫ್‌ವಿಜ್ ಅನ್ನುವ ಚಿತ್ರ ಜೋಡಿಸುವ ಪ್ರೋಗ್ರಾಂ ಓದುವ ಪಠ್ಯ) ಅಥವಾ ಪ್ಲಾಂಟ್‌ಯುಎಂಎಲ್ ರೂಪದಲ್ಲಿ ಕೊಡು ಅಂತ ಹೇಳಬಹುದು. 'ಮೈನಸ್ ಓ' ಆಯ್ಕೆಯ ಮುಂದೆ ರೂಪದ ಹೆಸರು ಹಾಕಿದರೆ ಆಯಿತು. ಬರುವ ಫೈಲನ್ನು ಮಾಮೂಲಿ ಎಡಿಟರ್‌ನಲ್ಲಿ ತೆರೆಯಿರಿ. ಕ್ಲಾಸ್ ಹೆಸರು ಹುಡುಕಿ. ಬಾಣದ ಸಾಲು ಅಲ್ಲಿದೆಯಾ? ಇದ್ದರೆ ದೋಷ ಚಿತ್ರ ಬಿಡಿಸುವ ಕಡೆ ಇದೆ. ಇಲ್ಲದಿದ್ದರೆ ಕೋಡ್ ಓದುವ ಕಡೆ ಇದೆ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಗೊತ್ತಾಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ನನ್ನ ಫೈಲ್‌ನಲ್ಲಿ ಬಾಣದ ಸಾಲು ಇರಲಿಲ್ಲ.

ಪಠ್ಯದಲ್ಲೇ ಬಾಣ ಇಲ್ಲ

ಪೈರಿವರ್ಸ್ ನಿಮ್ಮ ಪ್ರೋಗ್ರಾಂ ಅನ್ನು ಓಡಿಸಿ ನೋಡುವುದಿಲ್ಲ. ಕೋಡನ್ನು ಬರೀ ಓದುತ್ತದೆ. ಕೋಡ್‌ನ ತಪ್ಪು ಹುಡುಕುವ ಪೈಲಿಂಟ್ ಜೊತೆಗೇ ಬರುವ ಟೂಲ್ ಅದು. ಒಂದು ವೇರಿಯೇಬಲ್‌ನ ಟೈಪ್ ಏನು ಅಂತ ಊಹಿಸಲು ಪೈಲಿಂಟ್ ಬಳಸುವ ಆಸ್ಟ್ರಾಯ್ಡ್ ಲೈಬ್ರರಿಯನ್ನೇ ಇದೂ ಬಳಸುತ್ತದೆ. ಬಿಲ್ ಕ್ಲಾಸಿನ ಕನ್‌ಸ್ಟ್ರಕ್ಟರ್ ಒಳಗೆ ನೀವೇ ದರಪಟ್ಟಿಯ ಆಬ್ಜೆಕ್ಟ್ ಹುಟ್ಟಿಸಿದ್ದರೆ ಅದಕ್ಕೆ ಕಣ್ಣಿಗೆ ಕಾಣುತ್ತದೆ, ಬಾಣ ಬರುತ್ತದೆ. ಆದರೆ ನಾನು ಬರೆದದ್ದು ಹಾಗಲ್ಲ. ದರಪಟ್ಟಿಯನ್ನು ಹೊರಗಡೆ ಮಾಡಿ, ಪ್ಯಾರಾಮೀಟರ್ ಆಗಿ ಒಳಗೆ ಕಳಿಸಿದ್ದೆ. ಟೆಸ್ಟ್ ಮಾಡಲು ಸುಲಭ ಅಂತ ಎಲ್ಲರೂ ಹೀಗೇ ಮಾಡಿ ಅನ್ನುತ್ತಾರೆ, ಅಲ್ವಾ? ಆದರೆ ಟೈಪ್ ಹಿಂಟ್, ಅಂದರೆ ಇದು ಯಾವ ಟೈಪ್ ಅಂತ ಹೇಳುವ ಸೂಚನೆ, ಹಾಕಿರಲಿಲ್ಲ. ಆ ಪ್ಯಾರಾಮೀಟರ್‌ನಲ್ಲಿ ಬರುವುದು ದರಪಟ್ಟಿಯೋ, ಸಂಖ್ಯೆಯೋ, ಸ್ಟ್ರಿಂಗೋ ಅಂತ ಬರೀ ಓದುವವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿಲ್ಲದ ಕಡೆ ಟೂಲ್ ಬಾಣ ಹಾಕಲಿಲ್ಲ.

ಪ್ಯಾರಾಮೀಟರ್ ಮುಂದೆ ಕೋಲನ್ ಹಾಕಿ ಕ್ಲಾಸಿನ ಹೆಸರು ಬರೆದೆ. ಮತ್ತೆ ಓಡಿಸಿದೆ. ಬಾಣ ಬಂತು. ಟೈಪ್ ಹಿಂಟ್ ಪೈಥಾನ್ 3.5ರಲ್ಲಿ, ಅಂದರೆ 2015ರಲ್ಲೇ ಬಂದ ಸೌಲಭ್ಯ. ಹತ್ತು ವರ್ಷದಿಂದ "ಬೇಕಾದಾಗ ಹಾಕೋಣ" ಅಂದುಕೊಂಡಿದ್ದವನಿಗೆ ಸರಿಯಾದ ಪಾಠ. ಹಿಂಟ್ ಹಾಕಿದ ಮೇಲೂ ಬಾಣ ಬರದಿದ್ದರೆ ಪೈಲಿಂಟ್ ಆವೃತ್ತಿ ನೋಡಿ. ಹಳೆಯ ಪೈರಿವರ್ಸ್ ಹಿಂಟ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಹಸುವಿನ ಹಾಲಿಗೆ ಒಂದು ದರಪಟ್ಟಿ, ಎಮ್ಮೆ ಹಾಲಿಗೆ ಇನ್ನೊಂದು. ಎರಡೂ ದರಪಟ್ಟಿಯ ಮಕ್ಕಳ ಕ್ಲಾಸ್‌ಗಳು. ಯಾವುದು ಬೇಕು ಅಂತ ಕೋಡ್ ಒಂದು ಡಿಕ್ಷನರಿಯಲ್ಲಿ ಸ್ಟ್ರಿಂಗ್ ಕೊಟ್ಟು ಹುಡುಕುತ್ತದೆ. ಚಿತ್ರದಲ್ಲಿ ಈ ಎರಡು ಡಬ್ಬಿಗಳಿಂದ ಮೇಲಕ್ಕೆ, ಅಮ್ಮನ ಕ್ಲಾಸಿಗೆ ಬಾಣ ಇದೆ. ಆದರೆ ಇವನ್ನು ಹುಟ್ಟಿಸುವವರು ಯಾರು ಅಂತ ಎಲ್ಲೂ ಕಾಣುವುದಿಲ್ಲ. ಹೆಸರನ್ನು ಸ್ಟ್ರಿಂಗ್ ಆಗಿ ಇಟ್ಟು ಓಡುವಾಗ ಕ್ಲಾಸ್ ಆರಿಸುವ ಯಾವ ಕೋಡ್‌ಗೂ ಇದೇ ಗತಿ. ಜಾವಾದಲ್ಲಿ ರಿಫ್ಲೆಕ್ಷನ್ (ಓಡುವಾಗ ಹೆಸರಿನಿಂದ ಕ್ಲಾಸ್ ಹುಡುಕುವುದು), ಸ್ಪ್ರಿಂಗ್ ಫ್ರೇಮ್‌ವರ್ಕ್‌ನ ಕಾನ್ಫಿಗರೇಶನ್ ಫೈಲ್, ಎಲ್ಲ ಒಂದೇ ಜಾತಿ. ಇದಕ್ಕೆ ಸೆಟ್ಟಿಂಗ್ ಹುಡುಕಲು ಹೋಗಬೇಡಿ, ಇಲ್ಲ. ಆ ಬಾಣವನ್ನು ಕೈಯಲ್ಲೇ ಹಾಕಬೇಕು. ಹೇಗೆ ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ.

ಬಾಣವಲ್ಲ, ಡಬ್ಬಿಯೇ ಕಾಣೆಯಾಗಿದ್ದರೆ? ಆ ಕ್ಲಾಸ್ ಇರುವ ಫೋಲ್ಡರ್‌ನಲ್ಲಿ ಇನಿಟ್ ಫೈಲ್ (ಈ ಫೋಲ್ಡರ್ ಒಂದು ಪ್ಯಾಕೇಜ್ ಅಂತ ಹೇಳುವ ಫೈಲ್) ಇದೆಯಾ ನೋಡಿ. ಖಾಲಿ ಫೈಲ್ ಆದರೂ ಪರವಾಗಿಲ್ಲ, ಇರಬೇಕು. ಡಬ್ಬಿ ಇದ್ದು ಒಳಗಿನ ಕೆಲವು ಹೆಸರು ಕಾಣೆಯಾಗಿದ್ದರೆ ಅವು ಅಂಡರ್‌ಸ್ಕೋರ್‌ನಿಂದ ಶುರುವಾಗುತ್ತವಾ ನೋಡಿ. ಪೈರಿವರ್ಸ್ ತಾನಾಗಿಯೇ ಪಬ್ಲಿಕ್ ಹೆಸರುಗಳನ್ನು ಮಾತ್ರ ತೋರಿಸುತ್ತದೆ. ಫಿಲ್ಟರ್ ಮೋಡ್ ಅನ್ನುವ ಆಯ್ಕೆಯನ್ನು 'ಆಲ್' ಮಾಡಿದರೆ ಎಲ್ಲವೂ ಬರುತ್ತವೆ. ಕೋಡ್‌ನಿಂದ ದಾಖಲೆ ತಯಾರಿಸುವ ಡಾಕ್ಸಿಜನ್‌ನಲ್ಲೂ ಪ್ರೈವೇಟ್ ಸದಸ್ಯರು ಬೇಕು ಅಂದರೆ ಎಕ್ಸ್‌ಟ್ರಾಕ್ಟ್ ಪ್ರೈವೇಟ್ ಅನ್ನು 'ಎಸ್' ಅಂತ ಬದಲಿಸಬೇಕು.

ಸಿ ಪ್ಲಸ್ ಪ್ಲಸ್‌ಗೆ ಡಾಕ್ಸಿಜನ್ ಬಳಸುವವರಿಗೆ ಇನ್ನೊಂದು ವಿಷಯ. ಡಬ್ಬಿಯ ಅಂಚು ಕೆಂಪಾಗಿದ್ದರೆ ಅದು ಅಲಂಕಾರ ಅಲ್ಲ. ಈ ಕ್ಲಾಸಿಗೆ ಇನ್ನೂ ಸಂಬಂಧಗಳಿವೆ, ಜಾಗ ಸಾಲದೆ ಬಿಟ್ಟಿದ್ದೇನೆ ಅಂತ ಅದರ ಅರ್ಥ. ಒಂದು ಚಿತ್ರದಲ್ಲಿ 50 ಡಬ್ಬಿ ಅನ್ನುವುದು ಅದರ ಮಾಮೂಲಿ ಮಿತಿ. ಹೆಚ್ಚಿಸಬಹುದು. ಹೆಚ್ಚಿಸಿದ ಚಿತ್ರವನ್ನು ಯಾರು ಓದುತ್ತಾರೆ ಅನ್ನುವುದು ಬೇರೆ ಪ್ರಶ್ನೆ.

ಜಾವಾದಲ್ಲಿ ಮೊದಲು ಕೇಳಬೇಕಾದದ್ದು: ಟೂಲ್ ಓದುತ್ತಿರುವುದು ಮೂಲ ಕೋಡನ್ನೋ, ಕಂಪೈಲ್ ಆದ ಕ್ಲಾಸ್ ಫೈಲನ್ನೋ? ಮೂಲ ಕೋಡ್ ಓದುವ ಟೂಲ್‌ಗೆ ಲಾಂಬಾಕ್ ಲೈಬ್ರರಿ ಕಂಪೈಲ್ ಆಗುವಾಗ ಹುಟ್ಟಿಸುವ ಗೆಟರ್, ಸೆಟರ್ (ಫೀಲ್ಡ್ ಓದುವ, ಬದಲಿಸುವ ಮೆಥಡ್‌ಗಳು) ಕಾಣುವುದಿಲ್ಲ, ಯಾಕೆಂದರೆ ಅವು ಮೂಲದಲ್ಲಿ ಇಲ್ಲವೇ ಇಲ್ಲ. ಡೀಲಾಂಬಾಕ್ ಮಾಡಿದ, ಅಂದರೆ ಅವನ್ನು ಬಿಡಿಸಿ ಬರೆದ, ಕೋಡನ್ನು ಕೊಟ್ಟು ನೋಡಿ. ಕ್ಲಾಸ್ ಫೈಲ್ ಓದುವ ಟೂಲ್‌ಗೆ ಆ ಗೆಟರ್‌ಗಳು ಸಿಗುತ್ತವೆ, ಆದರೆ ಪ್ಯಾರಾಮೀಟರ್ ಹೆಸರುಗಳು ಆರ್ಗ್ ಸೊನ್ನೆ, ಆರ್ಗ್ ಒಂದು ಅಂತ ಬರಬಹುದು. ಜಾವಾ 8ರಿಂದ ಕಂಪೈಲರ್‌ಗೆ ಪ್ಯಾರಾಮೀಟರ್ಸ್ ಅನ್ನುವ ಆಯ್ಕೆ ಇದೆ. ಅದನ್ನು ಹಾಕಿ ಕಂಪೈಲ್ ಮಾಡಿದರೆ ನಿಜವಾದ ಹೆಸರು ಉಳಿಯುತ್ತದೆ. ಇನ್ನು, ನಮೂದುಗಳ ಲಿಸ್ಟ್ ಅಂತ ಬರೆದ ಫೀಲ್ಡ್ ಚಿತ್ರದಲ್ಲಿ ಬರೀ ಲಿಸ್ಟ್ ಅಂತ ಬಂದು, ನಮೂದು ಕ್ಲಾಸಿಗೆ ಬಾಣ ಹೋಗದಿದ್ದರೆ ಕೆಲವರು "ಜಾವಾ ಜೆನೆರಿಕ್ಸ್ ಅಳಿಸಿಬಿಡುತ್ತೆ, ಏನೂ ಮಾಡಕ್ಕಾಗಲ್ಲ" ಅನ್ನುತ್ತಾರೆ. ಇದು ಪೂರ್ತಿ ಸರಿಯಲ್ಲ. ಫೀಲ್ಡ್‌ನ ಜೆನೆರಿಕ್ ಟೈಪ್, ಅಂದರೆ ಲಿಸ್ಟ್ ಒಳಗೆ ಯಾವ ಕ್ಲಾಸ್ ಇದೆ ಅನ್ನುವ ಮಾಹಿತಿ, ಕ್ಲಾಸ್ ಫೈಲ್‌ನ ಸಿಗ್ನೇಚರ್ ಭಾಗದಲ್ಲಿ ಉಳಿದೇ ಇರುತ್ತದೆ. ಟೂಲ್ ಅದನ್ನು ಓದುತ್ತಿಲ್ಲ ಅಷ್ಟೇ. ಲಿಸ್ಟ್, ಸೆಟ್ ಇವೆಲ್ಲ ಚೀಲಗಳು, ಒಳಗಿರುವುದನ್ನು ನೋಡು ಅಂತ ಹೇಳುವ ಸೆಟ್ಟಿಂಗ್ ನಿಮ್ಮ ಟೂಲ್‌ನಲ್ಲಿ ಇದೆಯಾ ಹುಡುಕಿ.

ವಜ್ರ ಕಪ್ಪೋ ಬಿಳಿಯೋ

ಬಾಣ ಇದೆ, ಆದರೆ ಅದರ ತುದಿಯ ವಜ್ರ ತಪ್ಪಾಗಿದೆ ಅಂತ ಜಗಳ ಶುರುವಾಗುವುದುಂಟು. ಕಪ್ಪು ವಜ್ರ ಅಂದರೆ ಕಾಂಪೊಸಿಷನ್: ಬಿಲ್ ಹೋದರೆ ಅದರ ಸಾಲುಗಳೂ ಹೋದವು. ಬಿಳಿ ವಜ್ರ ಅಂದರೆ ಅಗ್ರಿಗೇಶನ್, ಸಡಿಲ ಸಂಬಂಧ. ಈ ದೋಷಕ್ಕೆ ನನ್ನ ಸಲಹೆ: ಹತ್ತು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಜಾವಾ, ಪೈಥಾನ್‌ನಲ್ಲಿ ಎರಡಕ್ಕೂ ಒಂದೇ ತರಹದ ಫೀಲ್ಡ್. ವ್ಯತ್ಯಾಸ ಕೋಡ್‌ನಲ್ಲಿ ಇಲ್ಲ, ಬರೆದವರ ತಲೆಯಲ್ಲಿದೆ. ಟೂಲ್ ಮಾಡುವುದು ಊಹೆ. ಕನ್‌ಸ್ಟ್ರಕ್ಟರ್ ಒಳಗೇ ಹುಟ್ಟಿಸಿದರೆ ಕಪ್ಪು, ಹೊರಗಿಂದ ಬಂದರೆ ಬಿಳಿ, ಹೀಗೆ. ಆವೃತ್ತಿ ಬದಲಾದರೆ ಊಹೆಯೂ ಬದಲಾಗುತ್ತದೆ. ಈ ಚಿತ್ರಗಳ ಭಾಷೆಯಾದ ಯುಎಂಎಲ್ ಅನ್ನು 1997ರಲ್ಲಿ ಒಎಂಜಿ ಸಂಸ್ಥೆ ಪ್ರಮಾಣ ಅಂತ ಒಪ್ಪಿಕೊಂಡಿತು. ಅದರ 2.5ನೇ ಆವೃತ್ತಿಯಲ್ಲೂ ಬಿಳಿ ವಜ್ರದ ನಿಖರ ಅರ್ಥ ಬಳಸುವವರನ್ನು ಅವಲಂಬಿಸಿದೆ ಅಂತಲೇ ಬರೆದಿದ್ದಾರೆ. ಪ್ರಮಾಣ ಮಾಡಿದವರೇ ಕೈಬಿಟ್ಟಿದ್ದನ್ನು ನಾವು ಡೀಬಗ್ ಮಾಡುತ್ತಾ ಕೂರಬೇಕಾ?

ಸಿ ಪ್ಲಸ್ ಪ್ಲಸ್‌ನಲ್ಲಿ ಮಾತ್ರ ಸ್ವಲ್ಪ ಸುಳಿವು ಸಿಗುತ್ತದೆ. ಯುನೀಕ್ ಪಾಯಿಂಟರ್ ಅಥವಾ ನೇರ ಸದಸ್ಯ ಆದರೆ ಒಡೆತನ ಸ್ಪಷ್ಟ.

ಪಠ್ಯದಲ್ಲಿದೆ, ಚಿತ್ರದಲ್ಲಿಲ್ಲ

ಪ್ಲಾಂಟ್‌ಯುಎಂಎಲ್‌ನಲ್ಲಿ ಸೀಕ್ವೆನ್ಸ್ ಡಯಾಗ್ರಾಂ (ಯಾರು ಯಾರನ್ನು ಯಾವ ಕ್ರಮದಲ್ಲಿ ಕರೆಯುತ್ತಾರೆ ಅನ್ನುವ ಚಿತ್ರ) ಚೆನ್ನಾಗಿ ಬರುತ್ತದೆ, ಕ್ಲಾಸ್ ಡಯಾಗ್ರಾಂ ಮಾತ್ರ ಎರರ್ ಕೊಡುತ್ತದೆ. ಹೀಗಾದರೆ ಗ್ರಾಫ್‌ವಿಜ್ ಸಿಗುತ್ತಿಲ್ಲ ಅಂತ ಅರ್ಥ. ಸೀಕ್ವೆನ್ಸ್ ಬಿಡಿಸಲು ಅದು ಬೇಕಿಲ್ಲ, ಕ್ಲಾಸ್‌ಗೆ ಬೇಕು. ಲಿನಕ್ಸ್, ಮ್ಯಾಕ್‌ನಲ್ಲಿ ಇದು ಮಾಮೂಲಿ. ಟೆಸ್ಟ್‌ಡಾಟ್ ಅನ್ನುವ ಆಯ್ಕೆ ಕೊಟ್ಟು ಪ್ಲಾಂಟ್‌ಯುಎಂಎಲ್ ಓಡಿಸಿದರೆ ಡಾಟ್ ಸಿಕ್ಕಿತೋ ಇಲ್ಲವೋ ಅದೇ ಹೇಳುತ್ತದೆ. ಇನ್‌ಸ್ಟಾಲ್ ಆಗಿದ್ದೂ ಸಿಗದಿದ್ದರೆ ಗ್ರಾಫ್‌ವಿಜ್ ಡಾಟ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗೆ ಪೂರ್ತಿ ದಾರಿ ಕೊಡಿ. ಅಥವಾ ಫೈಲ್‌ನ ಮೇಲ್ಗಡೆ ಪ್ರಾಗ್ಮಾ ಹಾಕಿ ಲೇಔಟ್ ಸ್ಮೆಟಾನಾ ಅಂತ ಬರೆದರೆ ಗ್ರಾಫ್‌ವಿಜ್ ಇಲ್ಲದೆಯೂ ಕೆಲಸ ನಡೆಯುತ್ತದೆ.

ಬಲಗಡೆ ಅಥವಾ ಕೆಳಗಡೆ ಕತ್ತರಿಯಿಂದ ಕತ್ತರಿಸಿದ ಹಾಗೆ ಚಿತ್ರ ನಿಂತುಬಿಟ್ಟರೆ ಅಗಲ, ಎತ್ತರವನ್ನು ಪಿಕ್ಸೆಲ್‌ನಲ್ಲಿ ನೋಡಿ. 4096 ಇದ್ದರೆ ಅದೇ ಕಾರಣ. ಪ್ಲಾಂಟ್‌ಯುಎಂಎಲ್ ಪಿಎನ್‌ಜಿಗೆ ಇಟ್ಟಿರುವ ಮಾಮೂಲಿ ಮಿತಿ ಅದು. ಪ್ಲಾಂಟ್‌ಯುಎಂಎಲ್ ಲಿಮಿಟ್ ಸೈಜ್ ಅನ್ನು 8192 ಮಾಡಿ. ಇಲ್ಲವೇ ಎಸ್‌ವಿಜಿ ತೆಗೆಯಿರಿ. ಪ್ಲಾಂಟ್‌ಯುಎಂಎಲ್‌ನಂಥದೇ ಟೂಲ್ ಆದ ಮರ್ಮೇಡ್ ಬಳಸುವವರಿಗೆ ಮಿತಿ ಬೇರೆ ಕಡೆ ಇದೆ: ಪಠ್ಯ 50,000 ಅಕ್ಷರ ದಾಟಿದರೆ ಅದು ಬಿಡಿಸುವುದೇ ಇಲ್ಲ. ಜೊತೆಗೆ ಮರ್ಮೇಡ್‌ಗೆ ಜೆನೆರಿಕ್ ಟೈಪನ್ನು ಕೋನದ ಬ್ರಾಕೆಟ್ ಬದಲು ಟಿಲ್ಡ ಚಿಹ್ನೆಯೊಳಗೆ ಬರೆಯಬೇಕು.

ಇನ್ನು ನಮ್ಮ ಕನ್ನಡದ ಕಷ್ಟ. ಡೈರಿ ಪ್ರೋಗ್ರಾಂನ ಟಿಪ್ಪಣಿಗಳೆಲ್ಲ ಕನ್ನಡದಲ್ಲಿವೆ. ಅವು ಚಿತ್ರದಲ್ಲಿ ಹಾಳಾಗಿ ಬಂದಾಗ, ಹೇಗೆ ಹಾಳಾಗಿವೆ ಅಂತ ನೋಡಿದರೆ ಸಾಕು, ಕಾರಣ ಗೊತ್ತಾಗುತ್ತದೆ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಅಥವಾ ವಿಚಿತ್ರ ಲ್ಯಾಟಿನ್ ಅಕ್ಷರ ಬಂದರೆ ಎನ್‌ಕೋಡಿಂಗ್ ದೋಷ. ಪ್ಲಾಂಟ್‌ಯುಎಂಎಲ್‌ಗೆ ಚಾರ್‌ಸೆಟ್ ಆಯ್ಕೆಯಲ್ಲಿ ಯುಟಿಎಫ್-8 ಅಂತ ಹೇಳಿ. ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಇರುತ್ತದೆ. ಆದ್ದರಿಂದ ಹಳೆಯ ಜಾವಾ ಇರುವ ವಿಂಡೋಸ್ ಯಂತ್ರದಲ್ಲೇ ಈ ಕಾಟ ಹೆಚ್ಚು. ಖಾಲಿ ಚೌಕಗಳ ಸಾಲು ಬಂದರೆ ಎನ್‌ಕೋಡಿಂಗ್ ಸರಿಯಿದೆ, ಫಾಂಟ್ ಇಲ್ಲ. ಸರ್ವರ್‌ಗಳಲ್ಲಿ, ಡಾಕರ್ ಇಮೇಜ್‌ಗಳಲ್ಲಿ ಕನ್ನಡ ಫಾಂಟ್ ಸಾಮಾನ್ಯವಾಗಿ ಇರುವುದೇ ಇಲ್ಲ. ನೋಟೊ ಸಾನ್ಸ್ ಕನ್ನಡ ಹಾಕಿ, ಡಯಾಗ್ರಾಂನ ಡೀಫಾಲ್ಟ್ ಫಾಂಟ್ ಆಗಿ ಅದರ ಹೆಸರು ಕೊಡಿ.

ಎಸ್‌ವಿಜಿಯಲ್ಲಿ ಇನ್ನೊಂದು ತಮಾಷೆ ಇದೆ. ಅಕ್ಷರಗಳು ನೋಡುವವರ ಯಂತ್ರದ ಫಾಂಟ್‌ನಲ್ಲಿ ಮೂಡುತ್ತವೆ, ಆದರೆ ಪ್ರತಿ ಸಾಲಿನ ಉದ್ದವನ್ನು ಪ್ಲಾಂಟ್‌ಯುಎಂಎಲ್ ಮೊದಲೇ ತನ್ನ ಯಂತ್ರದ ಫಾಂಟ್ ನೋಡಿ ಬರೆದಿಟ್ಟಿರುತ್ತದೆ. ಎರಡೂ ಹೊಂದದಿದ್ದರೆ ಅಕ್ಷರಗಳು ದೂರ ದೂರ ಹೋಗುತ್ತವೆ ಅಥವಾ ಒಂದರ ಮೇಲೊಂದು ಏರುತ್ತವೆ. ನಿಮ್ಮ ಹತ್ತಿರ ಚೆನ್ನಾಗಿದ್ದು ಸಹೋದ್ಯೋಗಿ ಹತ್ತಿರ ಕೆಟ್ಟಿದ್ದರೆ ಇದೇ. ಪಿಎನ್‌ಜಿ ಕಳಿಸಿ, ತಲೆನೋವು ಮುಗಿಯುತ್ತದೆ.

ಒಂದೇ ಹೆಸರಿನ ಎರಡು ಡಬ್ಬಿ

ಇದನ್ನು ಹಿಡಿಯಲು ನನಗೆ ಒಂದು ಸಂಜೆ ಪೂರ್ತಿ ಹಿಡಿಯಿತು. ಒಂದು ಪ್ರಯೋಗಕ್ಕೆ ಅಂತ ಕ್ಲಾಸ್ ಹೆಸರುಗಳನ್ನೂ ಕನ್ನಡದಲ್ಲೇ ಇಟ್ಟು ಕೈಯಲ್ಲೇ ಪ್ಲಾಂಟ್‌ಯುಎಂಎಲ್ ಬರೆದಿದ್ದೆ. ಚಿತ್ರದಲ್ಲಿ 'ಕೊಡುಗೆ' ಅನ್ನುವ ಡಬ್ಬಿ ಎರಡು ಬಂತು. ಒಂದರಲ್ಲಿ ಫೀಲ್ಡ್‌ಗಳು, ಇನ್ನೊಂದು ಖಾಲಿ. ಬಾಣಗಳೆಲ್ಲ ಖಾಲಿ ಡಬ್ಬಿಗೆ.

ಕಣ್ಣಿಗೆ ಒಂದೇ ಥರ ಕಾಣುವ ಹೆಸರು ಒಳಗೆ ಬೇರೆ ಬೇರೆ ಇರಬಹುದು. ಯುನಿಕೋಡ್‌ನಲ್ಲಿ 'ಕೊ'ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎ-ಕಾರದ ಚಿಹ್ನೆ ಮತ್ತು ಊ-ಕಾರದ ಚಿಹ್ನೆ ಅಂತ ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ಬೇರೆ ಬೇರೆ ಕೀಬೋರ್ಡ್‌ನಿಂದ, ಬೇರೆ ಕಡೆಯಿಂದ ಅಂಟಿಸಿದ ಪಠ್ಯದಿಂದ ಎರಡೂ ಒಳಗೆ ಬರುತ್ತವೆ. ಪೈಥಾನ್ ಇಂಥ ಹೆಸರುಗಳನ್ನು ತಾನೇ ಒಂದು ರೂಪಕ್ಕೆ ತಂದುಕೊಳ್ಳುತ್ತದೆ. ಜಾವಾ ತರುವುದಿಲ್ಲ, ಅದಕ್ಕೆ ಅವು ಎರಡು ಬೇರೆ ಹೆಸರು. ಹಾಗಾಗಿ ಪೈಥಾನ್‌ನಲ್ಲಿ ಸರಿಯಾಗಿ ಓಡುವ ಕೋಡ್‌ನ ಚಿತ್ರದಲ್ಲಿ ಎರಡು ಡಬ್ಬಿ ಬಂದರೆ ಗಾಬರಿ ಬೇಡ.

ಅರ್ಧಾಕ್ಷರ ಬಿಡಿಸಿ ತೋರಿಸಲು ನಾವು ಹಾಕುವ ಕಾಣದ ಅಕ್ಷರ ಇದೆಯಲ್ಲ, ಝಡ್‌ಡಬ್ಲ್ಯುಎನ್‌ಜೆ, ಅದು ಇನ್ನೂ ಕೆಟ್ಟದ್ದು. ಪೈಥಾನ್ ಹೆಸರಿನೊಳಗೆ ಅದು ಬಂದರೆ ಸಿಂಟ್ಯಾಕ್ಸ್ ಎರರ್ ಕೊಟ್ಟು ನಿಲ್ಲುತ್ತದೆ. ಒಳ್ಳೆಯದೇ ಆಯಿತು. ಜಾವಾ ಸದ್ದಿಲ್ಲದೆ ಒಪ್ಪಿಕೊಳ್ಳುತ್ತದೆ. ಅನುಮಾನ ಬಂದರೆ ಎರಡೂ ಹೆಸರನ್ನು ಪೈಥಾನ್‌ಗೆ ಸ್ಟ್ರಿಂಗ್ ಆಗಿ ಕೊಟ್ಟು ಅಕ್ಷರಗಳ ಎಣಿಕೆ ಕೇಳಿ. ಸಂಖ್ಯೆ ಬೇರೆ ಬಂದರೆ ಕಳ್ಳ ಸಿಕ್ಕಿದ. ಈಗ ನಾನು ಡಯಾಗ್ರಾಂನಲ್ಲಿ ಕನ್ನಡ ಹೆಸರನ್ನು ಕೋಟ್ ಒಳಗೆ ಒಮ್ಮೆ ಮಾತ್ರ ಬರೆದು, ಅದಕ್ಕೊಂದು ಇಂಗ್ಲಿಷ್ ಅಡ್ಡಹೆಸರು ಕೊಡುತ್ತೇನೆ. ಬಾಣಗಳಲ್ಲೆಲ್ಲ ಅಡ್ಡಹೆಸರೇ.

ಚಿತ್ರದಿಂದ ಕೋಡ್‌ಗೆ

ಈ ದಿಕ್ಕಿನಲ್ಲಿ ದೊಡ್ಡ ಅಪಾಯ ಒಂದೇ: ನೀವು ಕೈಯಲ್ಲಿ ಬರೆದ ಕೋಡ್ ಅಳಿಸಿಹೋಗುವುದು. ಜನರೇಟ್ ಮಾಡುವ ಮೊದಲು ಗಿಟ್‌ನಲ್ಲಿ ಎಲ್ಲ ಕಮಿಟ್ ಆಗಿರಲಿ. ಮಾಡಿದ ಮೇಲೆ ಡಿಫ್ ನೋಡಿ. ಕೆಂಪು ಸಾಲು (ಅಳಿಸಿಹೋದದ್ದು) ಜಾಸ್ತಿ ಇದ್ದರೆ ವಾಪಸ್ ಹೋಗಿ. ಮಾಡೆಲ್‌ನಿಂದ ಜಾವಾ ಕೋಡ್ ಹುಟ್ಟಿಸುವ ಎಕ್ಲಿಪ್ಸ್‌ನ ಇಎಂಎಫ್‌ನಲ್ಲಿ ಪ್ರತಿ ಮೆಥಡ್ ಮೇಲೆ ಜನರೇಟೆಡ್ ಅನ್ನುವ ಟ್ಯಾಗ್ ಇರುತ್ತದೆ. ಆ ಟ್ಯಾಗ್ ಇರುವ ತನಕ ಟೂಲ್ ಅದನ್ನು ತನ್ನದು ಅಂದುಕೊಂಡು ಮತ್ತೆ ಬರೆಯುತ್ತದೆ. ಮುಂದೆ 'ನಾಟ್' ಅಂತ ಸೇರಿಸಿದರೆ ಮುಟ್ಟುವುದಿಲ್ಲ. ಬದಲಾವಣೆ ಪದೇಪದೇ ಮಾಯವಾಗುತ್ತಿದೆ ಅನ್ನುವವರು ಮೊದಲು ಇದನ್ನೇ ನೋಡಿ.

ಬಂದ ಕೋಡ್ ಕಂಪೈಲ್ ಆಗದಿದ್ದರೆ ಕಾರಣ ಸಾಮಾನ್ಯವಾಗಿ ಚಿತ್ರದಲ್ಲೇ ಇರುತ್ತದೆ. ಹೆಸರಿನ ನಡುವೆ ಸ್ಪೇಸ್ ಇದೆ. ಬಾಣದ ತುದಿಗೆ ಹೆಸರು ಕೊಟ್ಟಿಲ್ಲ, ಆದ್ದರಿಂದ ಫೀಲ್ಡ್‌ಗೆ ಟೂಲ್ ತನಗೆ ತೋಚಿದ್ದನ್ನು ಇಟ್ಟಿದೆ. ಅಥವಾ ಒಂದು ಕ್ಲಾಸಿಗೆ ಇಬ್ಬರು ತಾಯಂದಿರು. ಚಿತ್ರ ಅದನ್ನು ಒಪ್ಪುತ್ತದೆ, ಜಾವಾ ಒಪ್ಪುವುದಿಲ್ಲ. ಒಂದು ಟೂಲ್‌ನಿಂದ ಇನ್ನೊಂದಕ್ಕೆ ಎಕ್ಸ್‌ಎಂಐ ಅನ್ನುವ ಫೈಲ್ ರೂಪದ ಮೂಲಕ ಮಾಡೆಲ್ ಕಳಿಸಿದಾಗ ಕ್ಲಾಸ್‌ಗಳು ಬಂದು ಚಿತ್ರ ಮಾತ್ರ ಖಾಲಿ ಇದ್ದರೆ ಅದು ದೋಷವೇ ಅಲ್ಲ. ಹೆಚ್ಚಿನ ಟೂಲ್‌ಗಳ ನಡುವೆ ದಾಟುವುದು ಮಾಡೆಲ್ ಮಾತ್ರ. ಡಬ್ಬಿಗಳನ್ನು ಮತ್ತೆ ಜೋಡಿಸಿಕೊಳ್ಳಬೇಕು.

ಇನ್ನು ಹಸು-ಎಮ್ಮೆ ಬಾಣಗಳ ವಿಷಯ. ಪೈರಿವರ್ಸ್ ಕೊಟ್ಟ ಫೈಲ್‌ನಲ್ಲಿ ನಾನು ಅವನ್ನು ಬರೆಯುವುದಿಲ್ಲ. ಮುಂದಿನ ಸಲ ಓಡಿಸಿದಾಗ ಅಳಿಸಿಹೋಗುತ್ತವೆ. ಬೇರೆ ಒಂದು ಪುಟ್ಟ ಫೈಲ್ ಇಟ್ಟಿದ್ದೇನೆ. ಮೊದಲ ಸಾಲಿನಲ್ಲಿ ಇನ್‌ಕ್ಲೂಡ್ ಹಾಕಿ ಪೈರಿವರ್ಸ್‌ನ ಫೈಲನ್ನು ಎಳೆದುಕೊಳ್ಳುತ್ತದೆ, ಕೆಳಗೆ ನನ್ನ ಎರಡು ಬಾಣ. ಅಲ್ಲೂ ಮೊದಲ ಸಲ ಎಡವಿದೆ. ಬಾಣದಲ್ಲಿ ಬರೀ ಕ್ಲಾಸ್ ಹೆಸರು ಹಾಕಿದ್ದೆ, ಖಾಲಿ ಡಬ್ಬಿಗಳು ಹುಟ್ಟಿಕೊಂಡವು. ಪೈರಿವರ್ಸ್ ಪ್ರತಿ ಕ್ಲಾಸಿಗೂ ಪ್ಯಾಕೇಜ್ ಹೆಸರು ಸೇರಿಸಿದ ಪೂರ್ತಿ ಹೆಸರನ್ನೇ ಅಡ್ಡಹೆಸರಾಗಿ ಇಡುತ್ತದೆ. ಬಾಣದಲ್ಲಿ ಅದನ್ನೇ ಬರೆಯಬೇಕು. ಬರೆದ ಮೇಲೆ ಖಾಲಿ ಡಬ್ಬಿಗಳು ಹೋದವು. ಆ ಎರಡು ಬಾಣಗಳಿಗೆ ನಾನು ಕೆಂಪು ಬಣ್ಣ ಕೊಟ್ಟಿದ್ದೇನೆ, ಇವು ಕೈಯಲ್ಲಿ ಹಾಕಿದ್ದು ಅಂತ ಹುಡುಗನಿಗೆ ಗೊತ್ತಾಗಲಿ ಅಂತ.